ನಾಲ್ಕು ಡಬ್ಬಿಯ ರೈಲಿಗೆ ಗಾಳಿ ಬ್ರೇಕು

ಪ್ರಿನ್ಸಿಪಾಲರು ನನ್ನನ್ನು ಕೋಣೆಗೆ ಕರೆಸಿ, "ಬ್ರೇಕಿನ ಮಾದರಿ ಒಂದು ಬೇಕು. ಗೋಡೆಗೆ ತೂಗುಹಾಕುವಂಥದ್ದಲ್ಲ, ಓಡುವಂಥದ್ದು. ಓಡುತ್ತ ಓಡುತ್ತ ಗಾಳಿಯಿಂದಲೇ ಬ್ರೇಕು ಹಿಡಿಯಬೇಕು" ಎಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಇಂಥದ್ದೊಂದು ಮಾದರಿ ಮಾಡಿಕೊಡಿ ಅಂತ ನಾನು ಎಷ್ಟು ಸಲ ಕೇಳಿದ್ದೆ! ಬೊಂಬಾಯಿಯ ರೈಲ್ವೆ ತರಬೇತಿ ಶಾಲೆಯಲ್ಲಿ ಲೋಕಲ್ ಓಡಿಸುವ ಮೋಟರ್‌ಮನ್‌ಗಳಿಗೆ ಬ್ರೇಕಿನ ಪಾಠ ಹೇಳುವವ ನಾನು. ಕಪ್ಪುಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಗಾಳಿ ಬರೆದು ಬರೆದು ಕೈ ಸೋತಿತ್ತು. ಆಗೆಲ್ಲ ಹಿತ್ತಾಳೆ ಇಲ್ಲ, ಜಾಗ ಇಲ್ಲ, ಜನ ಇಲ್ಲ ಅಂದವರು ಈಗ ಎಲ್ಲ ಕೊಡುತ್ತೇವೆ ಅನ್ನುತ್ತಿದ್ದರು. ಯಾಕೆಂದರೆ ಈಗ ಜನ ಸತ್ತಿದ್ದರು.

ಅಪಘಾತದ ಸುದ್ದಿ ಊರಿಗೇ ಗೊತ್ತಿತ್ತು. ಬೆಳಗಿನ ತುಂಬಿದ ಲೋಕಲ್ ಒಂದು ಕೊನೆಯ ಸ್ಟೇಷನ್ನಿಗೆ ಬಂದು ನಿಲ್ಲದೆ, ಹಳಿ ಮುಗಿಯುವ ಕಡೆ ಕಟ್ಟಿದ ಅಡ್ಡಗಟ್ಟೆಗೆ ಹೊಡೆದು ಮೇಲೆ ಹತ್ತಿತ್ತು. ಮುಂದಿನ ಡಬ್ಬಿಯಲ್ಲಿದ್ದವರು ಸತ್ತರು. ಎರಡು ಡಬ್ಬಿಗಳ ನಡುವಿನ ಕೊಂಡಿಯ ಮೇಲೆ ನಿಂತು ಬರುತ್ತಿದ್ದವರಂತೂ ಗುರುತು ಸಿಗದ ಹಾಗಾದರು. ನಾವು ಶಾಲೆಯವರು ಕೆಲವರು ಆವತ್ತು ಅಲ್ಲಿಗೆ ಹೋಗಿದ್ದೆವು. ನಾನು ಕಂಡದ್ದನ್ನು ಇಲ್ಲಿ ಬರೆಯುವುದಿಲ್ಲ.

ಗಾಡಿ ಓಡಿಸುತ್ತಿದ್ದವರು ಧಾರವಾಡ ಕಡೆಯ ಒಬ್ಬ ಮೋಟರ್‌ಮನ್. ನನ್ನ ಕ್ಲಾಸಿನಲ್ಲೇ ಕೂತು ಪಾಸಾದವರು. ಜೀವ ಉಳಿದಿತ್ತು, ತಲೆಗೆ ಜೋರು ಪೆಟ್ಟಾಗಿತ್ತು. ಅವರ ಮೇಲೆ ಬಂದ ಆಪಾದನೆ ಒಂದೇ: ನಿದ್ದೆ ಮಾಡಿದರು. ಹಿಂದಿನ ದಿನ ಕಾಯಿಲೆ ಬಿದ್ದ ಜೊತೆಯವನ ಡ್ಯೂಟಿಯನ್ನೂ ಮಾಡಿದ್ದರು. ಬೆಳಿಗ್ಗೆ ಷೆಡ್ಡಿನಲ್ಲಿ ಬ್ರೇಕು ಪರೀಕ್ಷೆ ಆಗಿತ್ತು, ಸರಿ ಇತ್ತು. ಹಾಗಾದರೆ ಗಾಡಿ ಯಾಕೆ ನಿಲ್ಲಲಿಲ್ಲ? ಕೈ ಸಡಿಲ ಬಿಟ್ಟರೆ ತಾನಾಗಿ ಗಾಡಿ ನಿಲ್ಲಿಸುವ ಹಿಡಿಕೆ ಇತ್ತಲ್ಲ ಅಂದರೆ, ತೂಕಡಿಸುವವನ ಕೈಯ ಭಾರ ಅದರ ಮೇಲೇ ಬಿದ್ದಿದ್ದರೆ ಅದೂ ಉಪಯೋಗಕ್ಕಿಲ್ಲ. ನಿದ್ದೆ ಅಂತ ತೀರ್ಮಾನವಾದರೆ ನೌಕರಿ ಹೋಗುವುದಷ್ಟೇ ಅಲ್ಲ, ಸೀದಾ ಜೈಲು.

ಇದಕ್ಕೆ ಬೇರೆ ಕಾರಣ ಇರಬಹುದಾ ಅಂತ ತನಿಖೆಯ ಅಧಿಕಾರಿ ಕೇಳಿದ್ದರು. ಇರಬಹುದು ಅಂತ ನಮ್ಮ ಪ್ರಿನ್ಸಿಪಾಲರು ಹೇಳಿದ್ದರು. ಗಾಳಿಯ ಪೈಪು ಮೊದಲ ಡಬ್ಬಿಯಿಂದ ಕೊನೆಯ ಡಬ್ಬಿಯವರೆಗೆ ಕೆಳಗೇ ಹೋಗುತ್ತದೆ. ಪ್ರತಿ ಡಬ್ಬಿಯ ತುದಿಯಲ್ಲಿ ಒಂದು ನಲ್ಲಿ ಇದೆ, ನಾವು ಅದಕ್ಕೆ ಕಾಕ್ ಅನ್ನುವುದು. ಡಬ್ಬಿ ಬಿಡಿಸುವಾಗ ಮಾತ್ರ ಅದನ್ನು ಮುಚ್ಚುವುದು. ಆದರೆ ನಮ್ಮ ಬೊಂಬಾಯಿಯಲ್ಲಿ ಜನ ಒಳಗೆ ಜಾಗ ಸಿಗದೆ ಕೊಂಡಿಯ ಮೇಲೆ ನಿಲ್ಲುತ್ತಾರಲ್ಲ, ಅವರ ಕಾಲಿಗೆ ಸಿಗುವುದೇ ಈ ಕಾಕಿನ ಹಿಡಿ. ಯಾರದೋ ಕಾಲು ಜಾರಿ, ಯಾರೋ ಅದರ ಮೇಲೇ ಭಾರ ಹಾಕಿ ಕಾಕ್ ಮುಚ್ಚಿಹೋದರೆ ಹಿಂದಿನ ಡಬ್ಬಿಗಳ ಬ್ರೇಕಿಗೂ ಮೋಟರ್‌ಮನ್ನಿಗೂ ಸಂಬಂಧವೇ ಕಡಿದ ಹಾಗೆ. ಅಪಘಾತದಲ್ಲಿ ಆ ಭಾಗ ಪೂರ್ತಿ ನುಜ್ಜುಗುಜ್ಜಾಗಿತ್ತು. ಕಾಕ್ ಮುಚ್ಚಿತ್ತಾ ತೆರೆದಿತ್ತಾ ಹೇಳಲು ಏನೂ ಉಳಿದಿರಲಿಲ್ಲ. ಅಧಿಕಾರಿ, "ಬಾಯಲ್ಲಿ ಹೇಳಬೇಡಿ, ತೋರಿಸಿ" ಎಂದರಂತೆ. ನಿಜವಾದ ಗಾಡಿಯಲ್ಲಿ ತೋರಿಸುವ ಹಾಗಿಲ್ಲ. ಖಾಲಿ ಗಾಡಿ ಅರ್ಧ ಬ್ರೇಕಿಗೂ ನಿಂತೀತು, ಜನ ತುಂಬಿಸಿ ಪರೀಕ್ಷೆ ಮಾಡಲು ಯಾರು ಒಪ್ಪುತ್ತಾರೆ? ಅದಕ್ಕೇ ಮಾದರಿ.

ಕೆಲಸ ಶುರು ಮಾಡುವ ಮೊದಲು ನಾನು ಘಾಟ್ಕೋಪರಿಗೆ ಹೋಗಿ ಮೋಟರ್‌ಮನ್ನರನ್ನು ಕಂಡೆ. ಚಾಳಿನ ಎರಡನೇ ಮಾಳಿಗೆ. ತಲೆಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದರು. ಆಳೇ ಅರ್ಧ ಆಗಿದ್ದರು.

"ಎಲ್ಲಿವರೆಗೆ ನೆನಪುಂಟು ನಿಮಗೆ?" ಅಂತ ಕೇಳಿದೆ.

"ಕಡೀ ಸಲ ನಿಲ್ಲಿಸಿದ ಸ್ಟೇಷನ್ ನೆನಪದ ಮಾಸ್ತರ. ಗದ್ದಲ ಅಂದ್ರ ಗದ್ದಲ. ಗಾರ್ಡ್ ಗಂಟಿ ಕೊಟ್ಟ, ನಾ ಬಿಟ್ಟೆ. ಮುಂದಿಂದು ದವಾಖಾನ್ಯಾಗ ಕಣ್ ಬಿಟ್ಟಾಗಿಂದ. ನಡುವಿಂದು ಏನಂದ್ರ ಏನೂ ಇಲ್ರಿ."

"ಬ್ರೇಕು ಹಾಕಿದ್ದು?"

ಅವರು ತಲೆ ಅಲ್ಲಾಡಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಎಲ್ಲಾರೂ ನಿದ್ದಿ ಮಾಡಿದಿ ಅಂತಾರ. ಕೇಳಿ ಕೇಳಿ ನನಗೂ ಹಂಗ ಅನಸಾಕ್ಹತ್ತೇದ. ಮಾಡಿದ್ನೇನೋ ಮಾಸ್ತರ. ಅಷ್ಟು ಜನರನ್ನ ನಿದ್ದ್ಯಾಗ ಕೊಂದ್ನೇನೋ" ಎಂದರು.

ಅವರ ಹೆಂಡತಿ ಚಹಾ ತಂದಿಟ್ಟು ಬಾಗಿಲ ಹತ್ತಿರ ನಿಂತು, "ನೀವು ಮಾಡೋ ಗಾಡಿ ಇವರನ್ನ ಉಳಸ್ತದೇನ್ರಿ?" ಎಂದು ಕೇಳಿದರು. ನೋಡುವ ತಾಯಿ ಅಂತ ಹೇಳಿ ಎದ್ದು ಬಂದೆ.

ನನ್ನ ಜೊತೆಗೆ ಕೊಟ್ಟದ್ದು ಶಾಲೆಯ ಕಾರ್ಖಾನೆಯ ಒಬ್ಬ ಫಿಟ್ಟರನ್ನು. ವಿಜಾಪುರ ಕಡೆಯವ, ಕೆಲಸದಲ್ಲಿ ಗಟ್ಟಿಗ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು. ಷೆಡ್ಡಿನ ಉದ್ದಕ್ಕೆ ಹಲಗೆ ಜೋಡಿಸಿ, ಒಂದು ತುದಿಯನ್ನು ಆಳೆತ್ತರಕ್ಕೆ ಎತ್ತಿ, ಇಳಿಜಾರಿನ ಮೇಲೆ ಸಣ್ಣ ಹಳಿ ಹಾಕಿದೆವು. ಗಾಡಿಗೆ ಮೋಟರು ಬೇಡ, ಮೇಲಿಂದ ಬಿಟ್ಟರೆ ತಾನೇ ಓಡಿ ಬರುತ್ತದೆ. ಕೆಳಗೆ ಸಮತಟ್ಟಿನ ಕೊನೆಗೆ ಒಂದು ಮರದ ದಿಮ್ಮಿ, ಅದೇ ಅಡ್ಡಗಟ್ಟೆ. ನಾಲ್ಕು ಡಬ್ಬಿ, ಒಂದೊಂದೂ ತೋಳುದ್ದ. ಮೊದಲ ಡಬ್ಬಿಯಿಂದ ತೆಳ್ಳಗಿನ ರಬ್ಬರು ಕೊಳವೆ ಎಳೆದು ನನ್ನ ಮೇಜಿನ ಮೇಲಿನ ಬ್ರೇಕು ಹಿಡಿಕೆಗೆ ಜೋಡಿಸಿದೆವು. ಗಾಡಿ ಓಡುವಾಗ ಕೊಳವೆ ಹಿಂದೆಯೇ ಸರಿದುಕೊಂಡು ಹೋಗಬೇಕು.

ಈ ಬ್ರೇಕಿನ ಮರ್ಮ ಒಂದುಂಟು. ಹೆಚ್ಚಿನವರು ಅದನ್ನು ತಿರುಗಾಮುರುಗಾ ತಿಳಿದುಕೊಂಡಿರುತ್ತಾರೆ. ಗಾಳಿ ಕೊಟ್ಟರೆ ಬ್ರೇಕು ಹಿಡಿಯುತ್ತದೆ ಅಂತ ಅವರ ಎಣಿಕೆ. ಅಲ್ಲ. ಪೈಪಿನಲ್ಲಿ ಗಾಳಿ ತುಂಬಿದ್ದರೆ ಬ್ರೇಕು ಬಿಟ್ಟಿರುತ್ತದೆ, ಪೈಪಿನ ಗಾಳಿ ಹೊರಗೆ ಬಿಟ್ಟರೆ ಹಿಡಿಯುತ್ತದೆ. ಪ್ರತಿ ಡಬ್ಬಿಯ ಅಡಿಯಲ್ಲಿ ಅದರದ್ದೇ ಆದ ಗಾಳಿಯ ಟಾಂಕಿ ಇದೆ. ಟಾಂಕಿಗೂ ಪೈಪಿಗೂ ನಡುವೆ ಒಂದು ವಾಲ್ವು, ಅದರೊಳಗೆ ಆಚೆ ಈಚೆ ಸರಿಯುವ ಒಂದು ಬಿರಡೆ. ಎರಡೂ ಕಡೆ ಒತ್ತಡ ಸಮ ಇದ್ದಷ್ಟು ಹೊತ್ತು ಬಿರಡೆ ಸುಮ್ಮನಿರುತ್ತದೆ. ಮೋಟರ್‌ಮನ್ ಹಿಡಿಕೆ ತಿರುಗಿಸಿ ಪೈಪಿನ ಗಾಳಿ ಬಿಟ್ಟ ಕೂಡಲೇ ಟಾಂಕಿಯ ಒತ್ತಡ ಬಿರಡೆಯನ್ನು ದೂಡುತ್ತದೆ, ದಾರಿ ತೆರೆಯುತ್ತದೆ, ಟಾಂಕಿಯ ಗಾಳಿ ಬ್ರೇಕಿನ ಸಿಲಿಂಡರಿಗೆ ನುಗ್ಗಿ ಗಾಲಿಯನ್ನು ಒತ್ತಿ ಹಿಡಿಯುತ್ತದೆ. ಪೈಪು ಕಡಿದುಹೋದರೂ ಗಾಡಿ ನಿಲ್ಲಲಿ ಅಂತ ಮಾಡಿದ ಏರ್ಪಾಡು ಇದು. ಒಂದೇ ತೊಡಕು: ಪೈಪು ಕಡಿಯದೆ ನಡುವೆ ಕಾಕ್ ಮುಚ್ಚಿದರೆ, ಹಿಂದಿನ ಡಬ್ಬಿಗಳ ಪೈಪಿನಲ್ಲಿ ಗಾಳಿ ಹಾಗೇ ಕೂತಿರುತ್ತದೆ. ಮುಂದೆ ಏನಾಯಿತು ಅಂತ ಅವಕ್ಕೆ ತಿಳಿಯುವುದೇ ಇಲ್ಲ.

ಇದನ್ನೆಲ್ಲ ಅಂಗೈಯಗಲದಲ್ಲಿ ಮಾಡಬೇಕಿತ್ತು. ಸಿಲಿಂಡರಿಗೆ ಸೀಮೆಎಣ್ಣೆ ಸ್ಟವ್ವಿನ ಪಂಪು ತಂದು ಕತ್ತರಿಸಿದೆವು. ಒಳಗೆ ಚರ್ಮದ ವಾಷರು ರೆಡಿಯಾಗಿಯೇ ಇತ್ತು. ವಾಲ್ವುಗಳನ್ನು ಫಿಟ್ಟರ್ ಹಿತ್ತಾಳೆಯಲ್ಲಿ ಲೇತಿನ ಮೇಲೆ ಕಡೆದ. ಗಾಳಿ ತುಂಬುವ ದೊಡ್ಡ ಟಾಂಕಿಗೆ ಹಳೆಯ ಗ್ಯಾಸ್‌ಲೈಟಿನ ತಳ, ತುಂಬಲು ಸೈಕಲ್ ಪಂಪು.

ಮೊದಲ ಸಲ ಗಾಳಿ ತುಂಬಿ ಹಿಡಿಕೆ ತಿರುಗಿಸಿದೆ. ಎಂತದ್ದೂ ಇಲ್ಲ. ಮೊದಲ ಡಬ್ಬಿ ಹಿಡಿಯಿತು, ಉಳಿದವು ಕಲ್ಲಿನ ಹಾಗೆ ಕೂತವು. ಕಾಕ್‌ಗಳೆಲ್ಲ ತೆರೆದೇ ಇದ್ದವು. ಸಾಬೂನು ನೀರು ಹಚ್ಚಿ ನೋಡಿದರೆ ಜೋಡಣೆ ಜೋಡಣೆಯಲ್ಲೂ ಗುಳ್ಳೆ. ಗಾಳಿ ಸೋರುತ್ತಿತ್ತು. ಸೋರಿದರೆ ಬ್ರೇಕು ಹಿಡಿಯಬೇಕಲ್ಲ ಅಂತ ಯಾರಿಗಾದರೂ ಅನಿಸುತ್ತದೆ. ಇಲ್ಲ, ನಿಧಾನ ಸೋರಿದರೆ ಹಿಡಿಯುವುದಿಲ್ಲ. ಟಾಂಕಿ ತುಂಬಲಿ ಅಂತ ವಾಲ್ವಿನೊಳಗೆ ಒಂದು ಸಣ್ಣ ಗೀರು ಇರುತ್ತದೆ. ಪೈಪು ನಿಧಾನ ಸೋರಿದರೆ ಟಾಂಕಿಯ ಗಾಳಿಯೂ ಅದೇ ಗೀರಿನಿಂದ ವಾಪಸು ಬಂದು ಸದ್ದಿಲ್ಲದೆ ಖಾಲಿಯಾಗುತ್ತದೆ. ಬ್ರೇಕು ಹಾಕುವ ಹೊತ್ತಿಗೆ ಒಳಗೆ ಏನೂ ಇರುವುದಿಲ್ಲ. ದೊಡ್ಡ ಗಾಡಿಯಲ್ಲಿ ಲೆಕ್ಕಕ್ಕೇ ಬಾರದ ಸೋರಿಕೆ ನಮ್ಮ ಸಣ್ಣ ಗಾಡಿಯ ಜೀವವನ್ನೇ ತೆಗೆಯುತ್ತಿತ್ತು. ಜೋಡಣೆಗಳನ್ನೆಲ್ಲ ಬಿಚ್ಚಿ ಮತ್ತೆ ಬೆಸುಗೆ ಹಾಕಿದೆವು.

ಆಮೇಲೆ ಎರಡನೆಯ ಪೀಡೆ. ಮಧ್ಯಾಹ್ನ ಚಂದ ಕೆಲಸ ಮಾಡುತ್ತಿದ್ದ ಗಾಡಿ ಬೆಳಿಗ್ಗೆ ಬಂದು ನೋಡಿದರೆ ಹಠ ಹಿಡಿಯುತ್ತಿತ್ತು. ಬ್ರೇಕು ಹಾಕಿದರೆ ತಡವಾಗಿ ಹಿಡಿಯುವುದು, ಹಿಡಿದರೆ ಬಿಡದೇ ಇರುವುದು. ಬಿಚ್ಚಿದೆ, ತೊಳೆದೆ, ಕಟ್ಟಿದೆ. ಮಧ್ಯಾಹ್ನ ಸರಿ. ಮರುದಿನ ಬೆಳಿಗ್ಗೆ ಮತ್ತೆ ಅದೇ ರಾಗ. ನನಗೆ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಸುಮ್ಮಸುಮ್ಮನೆ ಫಿಟ್ಟರನ ಮೇಲೆ ಹರಿಹಾಯ್ದೆ. ವಾಲ್ವು ಸರಿ ಕಡೆಯಲಿಲ್ಲ ಅಂದೆ, ಕೈ ನಡುಗುತ್ತದಾ ನಿನಗೆ ಅಂದೆ. ಅವನೂ ಬಿಡಲಿಲ್ಲ. "ನನ್ನ ಕೈ ನಡಗೂದಿಲ್ರಿ ಮಾಸ್ತರ, ನಿಮ್ಮ ಬಾಯಿ ನಡಗಾಕ್ಹತ್ತೈತಿ" ಅಂದ.

ಕಾರಣ ಸಿಕ್ಕಿದ್ದು ನಮ್ಮ ಮನೆಯಲ್ಲಿ. ಆಂಟಾಪ್ ಹಿಲ್ಲಿನ ನಮ್ಮ ಖೋಲಿಯ ಬಚ್ಚಲಲ್ಲಿ ಬೆಳಿಗ್ಗೆ ತಲೆಗೆ ಹಚ್ಚಲು ಎಣ್ಣೆಯ ಬಾಟಲಿ ಬಗ್ಗಿಸಿದರೆ ಎಣ್ಣೆ ಬೀಳಲಿಲ್ಲ. ಚಳಿಗೆ ಹೆಪ್ಪುಗಟ್ಟಿತ್ತು. ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನಾನು ಬೈದುಕೊಂಡೆ. ಸ್ಟವ್ವಿನ ವಾಷರು ಒಣಗಿದರೆ ತೆಂಗಿನೆಣ್ಣೆ ಹಚ್ಚುವುದು ನಮ್ಮ ಊರಿನ ಕಡೆ ಎಲ್ಲರ ಮನೆಯ ರೂಢಿ. ನಾನು ಕಣ್ಣುಮುಚ್ಚಿ ವಾಷರಿಗೂ ವಾಲ್ವಿಗೂ ಅದನ್ನೇ ಸುರಿದಿದ್ದೆ. ಜನವರಿಯ ಬೆಳಗಿಗೆ ಅದು ಬಿರಡೆಯನ್ನು ಹಿಡಿದು ಕೂರುತ್ತಿತ್ತು, ಬಿಸಿಲೇರಿದ ಮೇಲೆ ಕರಗಿ ಬಿಡುತ್ತಿತ್ತು.

ಫಿಟ್ಟರನಿಗೆ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. "ಏ ಯಪ್ಪಾ! ನೀವು ಉಡುಪಿ ಮಂದಿ ಸಾಂಬಾರಿಗೂ ಅದನ್ನ, ತಲಿಗೂ ಅದನ್ನ, ಈಗ ರೈಲಿಗೂ ಅದನ್ನ? ಔಡಲೆಣ್ಣಿ ಹಾಕ್ರಿ, ಯಾವ ಥಂಡಿಗೂ ಗಟ್ಟಿ ಆಗೂದಿಲ್ಲ." ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಔಡಲೆಣ್ಣೆ, ಅಂದರೆ ಹರಳೆಣ್ಣೆ, ಹಚ್ಚಿದೆವು. ಆ ಇಡೀ ಕೆಲಸದಲ್ಲಿ ನಾವು ನಕ್ಕದ್ದು ಅದೊಂದೇ ದಿನ.

ಈಗ ಬ್ರೇಕು ಹಿಡಿಯಿತು. ಆದರೆ ಹೇಳಬೇಕಾದದ್ದನ್ನು ಹೇಳಲಿಲ್ಲ. ಮೊದಲ ಡಬ್ಬಿಯ ಹಿಂದಿನ ಕಾಕ್ ಮುಚ್ಚಿ ಮೇಲಿಂದ ಬಿಟ್ಟರೆ, ಆ ಒಂದೇ ಡಬ್ಬಿಯ ಬ್ರೇಕಿಗೆ ಇಡೀ ಗಾಡಿ ಆರಾಮವಾಗಿ ನಿಂತುಬಿಟ್ಟಿತು. ನಾನು ಹಣೆ ಹಣೆ ಚಚ್ಚಿಕೊಂಡೆ. ಇದನ್ನು ಅಧಿಕಾರಿಗೆ ತೋರಿಸಿದರೆ ಮೋಟರ್‌ಮನ್ನರ ಕುತ್ತಿಗೆಗೆ ನಾವೇ ಹಗ್ಗ ಹಾಕಿದ ಹಾಗೆ. ತೊಂದರೆ ಎಲ್ಲಿ ಅಂದರೆ ನಮ್ಮ ಡಬ್ಬಿಗಳು ತಗಡು, ಒಳಗೆ ಜನ ಇಲ್ಲ. ಬೆಳಗಿನ ಲೋಕಲ್ಲಿನ ಭಾರವೆಂದರೆ ಜನರ ಭಾರವೂ ಹೌದು. ಸೀಸದ ತುಂಡು ಕರಗಿಸಿ ಡಬ್ಬಿಯ ತಳಕ್ಕೆ ಹೊಯ್ದೆವು. ಹೆಚ್ಚು ಹೊಯ್ದರೆ ಎಲ್ಲ ಬ್ರೇಕೂ ಸರಿ ಇದ್ದಾಗಲೇ ಗಾಡಿ ದಿಮ್ಮಿಗೆ ಹೊಡೆಯುತ್ತಿತ್ತು. ಅದೂ ಸುಳ್ಳೇ. ತುಂಬಿದ ನಿಜವಾದ ಗಾಡಿ ಪೂರಾ ಬ್ರೇಕಿಗೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಅಂತ ನಮಗೆ ಗೊತ್ತಿತ್ತು, ಅದಕ್ಕೆ ತಕ್ಕ ಹಾಗೆ ಭಾರ ಹೊಂದಿಸಿದೆವು. ಕೊನೆಗೆ ಗಾಡಿ ನಮ್ಮ ಮಾತಿಗೆ ಬಂತು. ಕಾಕ್ ತೆರೆದು ಬಿಟ್ಟರೆ ದಿಮ್ಮಿಯಿಂದ ಒಂದು ಮೊಳ ಈಚೆಗೆ ನಿಂತಿತು. ಕಾಕ್ ಮುಚ್ಚಿ ಬಿಟ್ಟರೆ ಮೊದಲ ಡಬ್ಬಿಯ ಗಾಲಿ ಹಿಡಿದು ಕಿಡಿ ಹಾರಿತು, ಹಿಂದಿನ ಮೂರು ಅದನ್ನು ದೂಡಿಕೊಂಡೇ ಬಂದವು. ದಿಮ್ಮಿಗೆ ಹೊಡೆದ ಸದ್ದಿಗೆ ಪಕ್ಕದ ಕ್ಲಾಸಿನವರು ಓಡಿ ಬಂದರು. ನಾನು ಆವತ್ತು ಊಟ ಮಾಡಲಿಲ್ಲ. ಅಪಘಾತದ ದಿನ ಅಲ್ಲಿ ಕಂಡದ್ದೇ ಕಣ್ಣ ಮುಂದೆ ಬಂತು.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ನನಗೆ ಏನೋ ಕೊರತೆ ಅನಿಸುತ್ತಲೇ ಇತ್ತು. ಎರಡು ದಿನ ಅದೇ ಧ್ಯಾನ. ಆಮೇಲೆ ಹೊಳೆಯಿತು, ಸದ್ದು.

ನಿಜವಾದ ಗಾಡಿಯಲ್ಲಿ ಬ್ರೇಕು ಹಾಕಿದಾಗ ಮೋಟರ್‌ಮನ್ನಿನ ಕೋಣೆಯಲ್ಲಿ ಉಸ್ಸ್ ಅಂತ ಗಾಳಿ ಹೊರಗೆ ಹೋಗುತ್ತದೆ. ಗಾಡಿಯ ಉದ್ದಕ್ಕೂ ಇರುವ ಪೈಪಿನ ಗಾಳಿ ಅಲ್ಲಿಂದಲೇ ಹೋಗಬೇಕು, ಆದ್ದರಿಂದ ಆ ಉಸಿರು ಉದ್ದ. ಕಾಕ್ ನಡುವೆ ಮುಚ್ಚಿದ್ದರೆ ಮುಂದಿನ ತುಂಡು ಪೈಪಿನ ಗಾಳಿ ಮಾತ್ರ ಹೋಗುವುದು. ಉಸ್ ಅಂದು ತಟ್ಟನೆ ನಿಲ್ಲುತ್ತದೆ. ನಾನು ಕ್ಲಾಸಿನಲ್ಲಿ ಪ್ರತಿ ಸಲ ಹೇಳುವ ಮಾತು ಅದು: ಒತ್ತಡ ತೋರಿಸುವ ಗೇಜಿನ ಮುಳ್ಳು ನಿಮಗೆ ಮೋಸ ಮಾಡೀತು, ಕಿವಿ ಮಾಡದು, ಉಸಿರು ಗಿಡ್ಡ ಬಂದರೆ ಎಲ್ಲಿದ್ದೀರೋ ಅಲ್ಲೇ ಗಾಡಿ ನಿಲ್ಲಿಸಿ. ನಮ್ಮ ಮಾದರಿಯಲ್ಲಿ ಪೈಪು ಎಷ್ಟು ಸಪೂರ ಅಂದರೆ, ಕಾಕ್ ತೆರೆದಿದ್ದರೂ ಮುಚ್ಚಿದ್ದರೂ ಸದ್ದು ಒಂದೇ, ಪಿಸ್ ಅಂತ. ಇದನ್ನು ಸರಿ ಮಾಡಬೇಕಾದರೆ ಪ್ರತಿ ಡಬ್ಬಿಯ ಅಡಿಗೆ ತಾಮ್ರದ ಪೈಪು ಸುರುಳಿ ಸುತ್ತಿ ಗಾಳಿಯ ಜಾಗ ಹೆಚ್ಚು ಮಾಡಬೇಕು.

ಫಿಟ್ಟರನಿಗೆ ಹೇಳಿದಾಗ ಅವನು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ.

"ಸದ್ದು ಯಾರು ಕೇಳ್ಯಾರ್ರಿ? ಗಾಡಿ ನಿಲ್ಲೂದಿಲ್ಲ ಅಂತ ತೋರಸ್ರಿ ಅಂದಾರ, ತೋರಿಸಿದ್ವಿ. ಮುಗೀತು."

"ನಿಜವಾದ ಗಾಡಿಯಲ್ಲಿ ಸದ್ದು ಬರ್ತದೆ ಮಾರಾಯ."

"ಬರಲಿ. ಇಲ್ಲಿ ಬಂದ್ರ ಆ ಸಾಹೇಬ ಏನ್ ಕೇಳ್ತಾನ ಗೊತ್ತೈತಿಲ್ಲೋ? ಮೋಟರ್‌ಮನ್ನಗ, ನಿನಗ್ಯಾಕ ಕೇಳಸಲಿಲ್ಲ ಅಂತಾನ. ಒಂದ್ ಕೈಲೆ ಎಬ್ಬಿಸಿ ಇನ್ನೊಂದ್ ಕೈಲೆ ಕೆಡವತೀರೇನು?"

ಅವನ ಮಾತು ಸುಳ್ಳಲ್ಲ. ಅಧಿಕಾರಿ ಸ್ವತಃ ಎಂಜಿನ್ ಖಾತೆಯಲ್ಲಿ ಬೆಳೆದು ಬಂದವರು ಅಂತ ನನಗೆ ಗೊತ್ತಿತ್ತು. ಅವರು ಸದ್ದಿಲ್ಲದ ಮಾದರಿ ನೋಡಿ, ಇಲ್ಲಿ ಒಂದು ಕಡೆ ಸುಳ್ಳಿದ್ದರೆ ಉಳಿದ ಕಡೆ ಯಾಕೆ ಇರಬಾರದು ಅಂತ ಕೇಳಿದರೆ, ಅಷ್ಟೂ ದಿನದ ಕೆಲಸ ನೀರುಪಾಲು. ಮೋಟರ್‌ಮನ್ ಮತ್ತೆ ನಿದ್ದೆಯ ಆಪಾದನೆಗೇ ಸಿಕ್ಕಿಬೀಳುತ್ತಾರೆ. ಇದು ನಾನು ಫಿಟ್ಟರನಿಗೆ ಕೊಟ್ಟ ಕಾರಣ. ಇನ್ನೊಂದು ಕಾರಣ ಸರಳ. ಹುಡುಗರ ಹಾಗೆ ಕೂತ ಅಷ್ಟು ಜನರಿಗೆ ಆ ಉಸಿರಿನ ಪಾಠ ಹೇಳಿದವ ನಾನು, ಅದೇ ಇಲ್ಲದ ಬ್ರೇಕು ನನ್ನ ಕೈಯಿಂದ ಹೋಗುವುದನ್ನು ನನಗೆ ಸಹಿಸಲಾಗಲಿಲ್ಲ. ಸುರುಳಿ ಸುತ್ತು ಅಂದೆ. ಅವನು ಆಮೇಲೆ ಮೂರು ದಿನ ನನ್ನ ಹತ್ತಿರ ಕೆಲಸಕ್ಕೆ ಬೇಕಾದ್ದಷ್ಟು ಬಿಟ್ಟು ಒಂದು ಮಾತೂ ಹೆಚ್ಚು ಆಡಲಿಲ್ಲ, ಆ ಬಾಯಿಬಡುಕ. ಆದರೆ ಸುರುಳಿಗಳನ್ನು ಅಚ್ಚುಕಟ್ಟಾಗಿ ಕೂರಿಸಿದ. ಈಗ ತೆರೆದ ಕಾಕಿಗೆ ಉದ್ದ ಉಸಿರು, ಮುಚ್ಚಿದ ಕಾಕಿಗೆ ಗಿಡ್ಡ ಉಸಿರು.

ಮೋಟರ್‌ಮನ್ನರಿಗೆ ಇದನ್ನು ಮೊದಲೇ ತಿಳಿಸಲಾ ಅಂತ ಯೋಚಿಸಿದೆ. ತಿಳಿಸಲಿಲ್ಲ. ಹೇಳಿಕೊಟ್ಟ ಸಾಕ್ಷಿ ಅಂತ ಆಗಬಾರದು.

ತನಿಖೆಯವರು ಷೆಡ್ಡಿಗೇ ಬಂದರು. ಅಧಿಕಾರಿ, ಹೇಳಿಕೆ ಬರೆದುಕೊಳ್ಳುವ ಅವರ ಗುಮಾಸ್ತ, ನಮ್ಮ ಪ್ರಿನ್ಸಿಪಾಲರು. ಮೋಟರ್‌ಮನ್ನರನ್ನು ಗೋಡೆಯ ಪಕ್ಕ ಕುರ್ಚಿ ಹಾಕಿ ಕೂರಿಸಿದ್ದರು. ಪಟ್ಟಿ ಬಿಚ್ಚಿತ್ತು, ಹಣೆಯ ಮೇಲೆ ಹೊಲಿಗೆಯ ಗುರುತು ಕೆಂಪಗೆ ಕಾಣುತ್ತಿತ್ತು. ಅಧಿಕಾರಿ ಬಡಕಲು ಮೈಯ, ತಾಳ್ಮೆಯ ಮನುಷ್ಯ. ವಾಲ್ವು ಬಿಚ್ಚಿಸಿ ನೋಡಿದರು, ಸೀಸ ಯಾಕೆ ಅಂತ ಕೇಳಿದರು, ಸುರುಳಿ ನೋಡಿ ಒಮ್ಮೆ ನನ್ನ ಮುಖ ನೋಡಿದರು. ಅದು ಇಲ್ಲದಿದ್ದರೆ ಅವರು ಆಗಲೇ ಎದ್ದು ಹೋಗುತ್ತಿದ್ದರು ಅಂತ ನನಗೆ ಖಾತ್ರಿಯಾಯಿತು.

ಮೊದಲು ಕಾಕ್ ತೆರೆದು ಓಡಿಸಿದೆ. ಉಸಿರು ಉದ್ದ ಬಂತು, ಗಾಡಿ ನಿಂತಿತು. ಆಮೇಲೆ ಫಿಟ್ಟರ್ ಕಾಕ್ ಮುಚ್ಚಿ ಬಿಟ್ಟ. ನಾನು ಹಿಡಿಕೆ ತಿರುಗಿಸಿದೆ. ಉಸ್. ಸದ್ದು ತಟ್ಟನೆ ನಿಂತಿತು. ಗಾಡಿ ಬಂದು ದಿಮ್ಮಿಗೆ ಹೊಡೆಯಿತು. ಗುಮಾಸ್ತ ಬೆಚ್ಚಿ ಪೆನ್ನು ಕೆಳಗೆ ಹಾಕಿದ.

ಅಧಿಕಾರಿ ಇಂಗ್ಲಿಷಿನಲ್ಲಿ ನನ್ನನ್ನು ಏನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗೋಡೆಯ ಕಡೆಯಿಂದ, "ಮಾಸ್ತರ, ಇನ್ನೊಮ್ಮೆ ಮಾಡ್ರಿ" ಅಂತ ದನಿ ಬಂತು. ಮೋಟರ್‌ಮನ್ ಎದ್ದು ನಿಂತಿದ್ದರು. ಅಧಿಕಾರಿ ಆಗಲಿ ಎಂದು ಕೈ ಮಾಡಿದರು. ಇನ್ನೊಮ್ಮೆ ಗಾಳಿ ತುಂಬಿ ಬಿಟ್ಟೆವು. ಉಸ್. ಮೋಟರ್‌ಮನ್ ಕಣ್ಣು ಮುಚ್ಚಿಕೊಂಡಿದ್ದರು. ಗಾಡಿ ದಿಮ್ಮಿಗೆ ಹೊಡೆದದ್ದನ್ನು ಅವರು ನೋಡಲೇ ಇಲ್ಲ.

"ಇದ. ಇದ ಸದ್ದು" ಎಂದರು.

"ಏನಂತೆ?" ಅಧಿಕಾರಿ ನನ್ನನ್ನು ಕೇಳಿದರು. ಮೋಟರ್‌ಮನ್ನರಿಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು, ಅಲ್ಲಿಯವರೆಗೆ ಎಲ್ಲದಕ್ಕೂ ಹಿಂದಿಯಲ್ಲೇ ಉತ್ತರ ಕೊಟ್ಟಿದ್ದರು. ಈಗ ಅವರ ಬಾಯಿಂದ ಹೊರಟದ್ದು ಧಾರವಾಡದ ಮಾತು ಮಾತ್ರ. ಅಲ್ಲಿ ಅದು ತಿಳಿಯುತ್ತಿದ್ದದ್ದು ನನಗೂ ಫಿಟ್ಟರನಿಗೂ ಮಾತ್ರ. ಹಿಂದಿಯಲ್ಲಿ ಹೇಳಿ ಅಂದರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅಧಿಕಾರಿ, "ನೀವು ಹೇಳುತ್ತ ಹೋಗಿ, ಅವರನ್ನು ತಡೆಯಬೇಡಿ" ಎಂದು ನನಗೆ ಅಪ್ಪಣೆ ಮಾಡಿದರು. ಮೋಟರ್‌ಮನ್ ಒಂದು ಮಾತು ಹೇಳುವುದು, ನಾನು ಅದನ್ನು ಇಂಗ್ಲಿಷಿಗೆ ತರುವುದು, ಗುಮಾಸ್ತ ಬರೆಯುವುದು, ಹೀಗೆ ನಡೆಯಿತು.

"ತಿರುವಿನ ಹತ್ರ ಸಣ್ಣ ಬ್ರೇಕ್ ಹಾಕಿದೆ. ಉಸ್ ಅಂತು, ತಟ್ಟನ ನಿಂತಬಿಡ್ತು."

ಹೇಳಿದೆ.

"ಮುಳ್ಳು ನೋಡಿದೆ. ಮುಳ್ಳು ಬರೋಬ್ಬರಿ ಇಳದಿತ್ತು. ಗಾಡಿ ಮಾತ್ರ ಹಿಡೀಲಿಲ್ಲ. ಇವತ್ತ ಮಂದಿ ಭಾಳ ಅದ, ಭಾರಕ್ಕ ಹಿಂಗ ಆಗೇದ ಅಂದ್ಕೊಂಡೆ."

ಹೇಳಿದೆ. ಪ್ರಿನ್ಸಿಪಾಲರು ಮುಂದಕ್ಕೆ ಬಾಗಿದರು. ಅವರ ಮುಖದಲ್ಲಿ ಸಮಾಧಾನ ಕಂಡಿತು. ನಿದ್ದೆಯ ಮಾತು ಅಲ್ಲಿಗೆ ಮುಗಿದಿತ್ತು. ನಿದ್ದೆ ಮಾಡಿದವನಿಗೆ ಮುಳ್ಳು ಕಾಣುವುದಿಲ್ಲ.

"ಅಲ್ಲೇ ನಿಲ್ಲಸಬೇಕಿತ್ತು ಮಾಸ್ತರ. ನೀವು ಕಲಿಸಿದ್ದು ನೆನಪಾತು. ಗಿಡ್ಡ ಬಂದ್ರ ನಿಲ್ಲಸ್ರಿ ಅಂತಿದ್ರಿ. ನೆನಪಾತು, ಆದ್ರೂ ನಿಲ್ಲಸಲಿಲ್ಲ. ಹಿಂದ ಇನ್ನೊಂದು ಗಾಡಿ ಇತ್ತು, ಮೊದಲ ತಡ ಆಗಿತ್ತು. ಕಡೀ ಸ್ಟೇಷನ್ ಬಂತಲ್ಲ, ಅಲ್ಲೇ ನೋಡೋಣ ಅಂದ್ಕೊಂಡೆ."

ಗುಮಾಸ್ತನ ಪೆನ್ನು ಕಾಗದದ ಮೇಲೆ ಕಾದಿತ್ತು. ಫಿಟ್ಟರ್ ಇಳಿಜಾರಿನ ಮೇಲ್ತುದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಅವನು ಬೇಡ ಅಂತ ತಲೆ ಅಲ್ಲಾಡಿಸಿದ್ದು ನನಗೆ ಸ್ಪಷ್ಟ ಕಂಡಿತು. ಮೋಟರ್‌ಮನ್ ಮಾತ್ರ ನನ್ನನ್ನು ನೋಡುತ್ತಿರಲಿಲ್ಲ. ಅವರು ಆ ಸಣ್ಣ ಗಾಡಿಯನ್ನು ನೋಡುತ್ತಿದ್ದರು.

"ಏನು ಹೇಳಿದರು?" ಅಂತ ಅಧಿಕಾರಿ ಎರಡನೇ ಸಲ ಕೇಳಿದರು.

ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ.

ಆಮೇಲೆ ಮೋಟರ್‌ಮನ್ ಉಳಿದದ್ದನ್ನೂ ಹೇಳಿದರು. ಸ್ಟೇಷನ್ ಕಂಡಾಗ ಪೂರಾ ಬ್ರೇಕು ಹಾಕಿದ್ದು, ಮೊದಲ ಡಬ್ಬಿ ಹಿಡಿದು ಹಿಂದಿನ ಭಾರ ದೂಡಿಕೊಂಡು ಬಂದದ್ದು, ಸೀಟಿ ಒತ್ತಿ ಹಿಡಿದದ್ದು, ಪ್ಲಾಟ್‌ಫಾರ್ಮಿನ ಮೇಲೆ ಒಬ್ಬ ಹೆಂಗಸು ತಿರುಗಿ ನೋಡಿದ್ದು. ಅಲ್ಲಿಗೆ ನಿಲ್ಲಿಸಿದರು. ಅಧಿಕಾರಿಯೇ ಒಂದು ಗ್ಲಾಸು ನೀರು ತರಿಸಿ ಅವರಿಗೆ ಕೊಟ್ಟರು.

ಹೊರಗೆ ಜಗಲಿಯಲ್ಲಿ ಮೋಟರ್‌ಮನ್ ನನ್ನ ಎರಡೂ ಕೈ ಹಿಡಿದುಕೊಂಡರು. ಬೈಯುತ್ತಾರೆ ಅಂತ ನಾನು ಅಂದುಕೊಂಡಿದ್ದೆ. "ನಾ ನಿದ್ದಿ ಮಾಡಿರಲಿಲ್ಲ ಮಾಸ್ತರ. ಎಚ್ಚರ ಇದ್ದೆ. ಕೇಳಿದ್ರಿಲ್ಲೋ? ಎಚ್ಚರ ಇದ್ದೆ ನಾ" ಎಂದು ಮತ್ತೆ ಮತ್ತೆ ಅದನ್ನೇ ಹೇಳುತ್ತ ಅತ್ತರು. ನನಗೂ ತಡೆಯಲಾಗಲಿಲ್ಲ.

ತೀರ್ಪು ಬಂತು. ಕೊಂಡಿಯ ಮೇಲೆ ನಿಂತವರ ಕಾಲಿಗೆ ಸಿಕ್ಕಿ ಕಾಕ್ ಮುಚ್ಚಿರಬೇಕು ಅಂತ ಒಪ್ಪಿದರು. ಹಿಂದೆ ಇದ್ದ ಗಾರ್ಡ್ ತನ್ನ ಗೇಜು ನೋಡಲಿಲ್ಲ ಅಂತ ಅವನಿಗೂ ಛೀಮಾರಿ ಆಯಿತು. ನಿದ್ದೆಯ ಆಪಾದನೆ ಬಿದ್ದುಹೋಯಿತು, ಜೈಲು ತಪ್ಪಿತು. ಆದರೆ ಗಿಡ್ಡ ಉಸಿರು ಕೇಳಿಯೂ ಗಾಡಿ ನಿಲ್ಲಿಸಲಿಲ್ಲ ಎಂದು ಮೋಟರ್‌ಮನ್ನರನ್ನು ಕೆಲಸದಿಂದ ತೆಗೆದರು. ಅದಕ್ಕೆ ಆಧಾರ ಅವರ ಬಾಯಿಂದಲೇ ಬಂದ ಹೇಳಿಕೆ. ಅದರ ಕೆಳಗೆ ಭಾಷಾಂತರಿಸಿದವನೆಂದು ನನ್ನ ಸಹಿ.

ಸ್ವಲ್ಪ ದಿನ ಬಿಟ್ಟು ಘಾಟ್ಕೋಪರಿಗೆ ಹೋದೆ. ಅವರು ಮನೆಯಲ್ಲಿರಲಿಲ್ಲ. ಗ್ಯಾಲರಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಹೆಂಡತಿ ನನ್ನನ್ನು ಕಂಡು ಎದ್ದು ನಿಂತರು. ಒಳಗೆ ಬನ್ನಿ ಅನ್ನಲಿಲ್ಲ.

"ಗೋರೆಗಾಂವದಾಗ ಒಂದು ಕಾರ್ಖಾನಿಗೆ ಕೆಲಸಾ ಕೇಳಾಕ ಹೋಗ್ಯಾರ. ಈ ಅಪಘಾತದವರು ಅಂತ ತಿಳಿದ ಕೂಡ್ಲೇ ಎಲ್ಲಾರೂ ಆಮ್ಯಾಲೆ ಬಾ ಅಂತಾರ."

"ಅವರು ಹೇಗಿದ್ದಾರೆ ತಾಯಿ?"

"ಊಟಾ ಮಾಡ್ತಾರ, ಮಾತಾಡ್ತಾರ. ನಿಮ್ಮ ಹೆಸರಂತೂ ದಿನಾ ತಗೀತಾರ. ಮಾಸ್ತರ ನನ್ನ ಉಳಿಸಿದ್ರು ಅಂತಾರ." ಆಕೆ ಮೊರವನ್ನು ಕೆಳಗಿಟ್ಟರು. "ನಾ ಒಂದ ಮಾತು ಕೇಳ್ತೀನ್ರಿ. ಅವರು ಅಲ್ಲಿ ಹೇಳಿದ್ದೆಲ್ಲಾ ನಮ್ಮ ಮಾತಿನ್ಯಾಗ. ಆ ಸಾಹೇಬಗ ತಿಳೀತಿರಲಿಲ್ಲ, ಬರ್ಕೊಳ್ಳಾವಗ ತಿಳೀತಿರಲಿಲ್ಲ. ನಿಮಗ ಮತ್ತ ಆ ಫಿಟ್ಟರಗ ಅಷ್ಟ ತಿಳೀತಿತ್ತು. ಉಳದದ್ದೆಲ್ಲಾ ಹೇಳ್ರಿ, ಬ್ಯಾಡನ್ನೂದಿಲ್ಲ. ನಿಲ್ಲಸಲಿಲ್ಲ ಅಂದದ್ದೊಂದ ಯಾಕ ಹೇಳಿದ್ರಿ?"

ಮುಂದಿನ ಡಬ್ಬಿಯಲ್ಲಿ ಸತ್ತವರ ಹೆಸರಿನಲ್ಲಿ ಏನಾದರೂ ಹೇಳಬಹುದಿತ್ತು. ಸರ್ಕಾರಿ ಅಪ್ಪಣೆ ಅನ್ನಬಹುದಿತ್ತು. ಆಕೆ ಉತ್ತರಕ್ಕೆ ಕಾಯುತ್ತ ನಿಂತೇ ಇದ್ದರು. ನಾನು ತಿರುಗಿ ಮೆಟ್ಟಿಲು ಇಳಿದೆ.